ಆರ್.ಟಿ.ಇ. ಸೀಟು ಎಲ್ಲಿ ಹೋಯಿತು? ಬಡವರ ಮಕ್ಕಳ ಓದು ಮತ್ತು ಸರ್ಕಾರದ ನೀತಿ



2012ರ ಜುಲೈ ತಿಂಗಳಲ್ಲಿ ನಮ್ಮ ನಂದಿನಿ ಲೇಔಟಿನ ಹೆಸರು ದೇಶದ ಪತ್ರಿಕೆಗಳಲ್ಲೆಲ್ಲ ಬಂದಿತ್ತು. ಇಲ್ಲಿನ ಒಂದು ಖಾಸಗಿ ಶಾಲೆಗೆ ಶಿಕ್ಷಣ ಹಕ್ಕು ಕಾಯ್ದೆಯಲ್ಲಿ, ಅಂದರೆ ನಾವೆಲ್ಲ ಆರ್.ಟಿ.ಇ. ಅಂತ ಕರೆಯುವ ಕಾಯ್ದೆಯಲ್ಲಿ, ಬಡ ದಲಿತ ಕುಟುಂಬದ ಕೆಲವು ಪುಟ್ಟ ಮಕ್ಕಳು ಒಂದನೇ ತರಗತಿಗೆ ಸೇರಿದ್ದರು. ಬೇರೆ ಮಕ್ಕಳಿಂದ ಇವರನ್ನು ಗುರುತಿಸಲು ತಲೆಯ ಮುಂಭಾಗದ ಕೂದಲನ್ನು ಕತ್ತರಿಸಿದ್ದಾರೆ, ಹಿಂದಿನ ಬೆಂಚಿನಲ್ಲಿ ಕೂರಿಸುತ್ತಾರೆ, ಹೋಂವರ್ಕ್ ಕೊಡುವುದಿಲ್ಲ ಎಂದು ತಂದೆ ತಾಯಂದಿರು ದೂರಿದರು. ಶಾಲೆಯವರು ಇದನ್ನು ಅಲ್ಲಗಳೆದರು. ಅದೇ ವಾರ ಅನುದಾನರಹಿತ ಶಾಲೆಗಳ ಆಡಳಿತ ಮಂಡಳಿಗಳ ಸಂಘವೊಂದು ಈ ಕಾಯ್ದೆಯನ್ನು ವಿರೋಧಿಸಿ ಶಾಲೆ ಮುಚ್ಚುವ ಕರೆ ಕೊಟ್ಟಿತ್ತು.

ಅಂದು ಯಾರದು ಸರಿ, ಯಾರದು ತಪ್ಪು ಎಂದು ತೀರ್ಪು ಕೊಡಲು ನಾವು ಇದನ್ನು ಬರೆಯುತ್ತಿಲ್ಲ. ಆ ಮಕ್ಕಳು ಒಳಗೆ ಹೋದ ಬಾಗಿಲು ಯಾವುದು? ಅದನ್ನು ತೆರೆದವರು ಯಾರು? ಆರೇಳು ವರ್ಷಗಳಲ್ಲೇ ಅದು ಹೆಚ್ಚುಕಡಿಮೆ ಮುಚ್ಚಿಹೋದದ್ದು ಹೇಗೆ? ನಮ್ಮ ಸ್ವಸಹಾಯ ಸಂಘದ ತಾಯಂದಿರು ಪ್ರತಿ ವರ್ಷ ಏಪ್ರಿಲ್ ಮೇ ಬಂತೆಂದರೆ "ಸಿಸ್ಟರ್, ಆರ್.ಟಿ.ಇ. ಸೀಟು ಈ ಸಲ ಇದೆಯಾ?" ಅಂತ ಕೇಳುತ್ತಾರೆ. ಅವರಿಗೆ ಒಂದೇ ಮಾತಿನಲ್ಲಿ ಉತ್ತರ ಹೇಳಲಾಗದು. ಆದ್ದರಿಂದ ಸ್ವಲ್ಪ ವಿವರವಾಗಿ ಇಲ್ಲಿ ಬರೆಯುತ್ತಿದ್ದೇವೆ.

ಕಾಯ್ದೆ ಬಂದ ದಾರಿ

ಶಿಕ್ಷಣ ಒಂದು ಹಕ್ಕು ಎಂಬ ಮಾತು ನ್ಯಾಯಾಲಯದಲ್ಲಿ ಗಟ್ಟಿಯಾದದ್ದು ನಮ್ಮ ಕರ್ನಾಟಕದ ಒಂದು ಪ್ರಕರಣದಿಂದ. ನಮ್ಮ ಪೀಣ್ಯದ ಮುಂದೆ ಹಾದುಹೋಗುವ ತುಮಕೂರು ರಸ್ತೆಯ ಆ ತುದಿಯಲ್ಲಿ, ತುಮಕೂರಿನ ಒಂದು ಖಾಸಗಿ ವೈದ್ಯಕೀಯ ಕಾಲೇಜಿಗೆ ಉತ್ತರ ಪ್ರದೇಶದ ವಿದ್ಯಾರ್ಥಿನಿಯೊಬ್ಬರು ಸೇರಬಯಸಿದರು. ಆಗ ಸರ್ಕಾರಿ ಸೀಟಿಗೆ ವರ್ಷಕ್ಕೆ 2,000 ರೂ., ಕರ್ನಾಟಕದ ಇತರ ವಿದ್ಯಾರ್ಥಿಗಳಿಗೆ 25,000 ರೂ., ಹೊರರಾಜ್ಯದವರಿಗೆ 60,000 ರೂ. ಶುಲ್ಕವೆಂದು ನಿಗದಿಯಾಗಿತ್ತು. 1992ರಲ್ಲಿ ಸುಪ್ರೀಂ ಕೋರ್ಟು ಈ ಮೋಹಿನಿ ಜೈನ್ ಪ್ರಕರಣದಲ್ಲಿ, ಬದುಕುವ ಹಕ್ಕಿನಲ್ಲೇ ಶಿಕ್ಷಣದ ಹಕ್ಕೂ ಸೇರಿದೆ ಎಂದಿತು. 1993ರ ಉಣ್ಣಿಕೃಷ್ಣನ್ ಪ್ರಕರಣದಲ್ಲಿ ಅದೇ ನ್ಯಾಯಾಲಯ, 14 ವರ್ಷ ತುಂಬುವವರೆಗೆ ಮಗುವಿಗೆ ಉಚಿತ ಶಿಕ್ಷಣದ ಹಕ್ಕಿದೆ, ಅದರಾಚೆ ಸರ್ಕಾರದ ಆರ್ಥಿಕ ಶಕ್ತಿಗೆ ಅನುಸಾರ ಎಂದು ಗೆರೆ ಎಳೆಯಿತು.

2002ರಲ್ಲಿ ಸಂವಿಧಾನದ 86ನೇ ತಿದ್ದುಪಡಿ ಬಂದು 6ರಿಂದ 14 ವರ್ಷದ ಮಕ್ಕಳ ಶಿಕ್ಷಣ ಮೂಲಭೂತ ಹಕ್ಕಾಯಿತು. ಅದನ್ನು ಜಾರಿಗೆ ತರಲು 2009ರಲ್ಲಿ ಕಾಯ್ದೆಯಾಗಿ, 2010ರ ಏಪ್ರಿಲ್ 1ರಿಂದ ಅನ್ವಯವಾಯಿತು. ಕರ್ನಾಟಕ ತನ್ನ ನಿಯಮಗಳನ್ನು ಮಾಡಿದ್ದು 2012ರಲ್ಲಿ. ಆ ವರ್ಷ ಒಂದನೇ ತರಗತಿಗೆ ಹೋದವರೇ ನಮ್ಮ ರಾಜ್ಯದ ಮೊದಲ ಆರ್.ಟಿ.ಇ. ಮಕ್ಕಳು. ನಂದಿನಿ ಲೇಔಟಿನ ಆ ಪುಟಾಣಿಗಳೂ ಅವರಲ್ಲೇ ಇದ್ದರು.

ಈ ಕಾಯ್ದೆಯಲ್ಲಿ ಜನರ ಬಾಯಲ್ಲಿ ಉಳಿದಿರುವುದು ಒಂದೇ ಅಂಶ, 12(1)(ಸಿ). ಖಾಸಗಿ ಅನುದಾನರಹಿತ ಶಾಲೆಗಳು ತಮ್ಮ ಪ್ರವೇಶ ತರಗತಿಯಲ್ಲಿ ನೂರಕ್ಕೆ ಕನಿಷ್ಠ 25 ಸೀಟನ್ನು ನೆರೆಹೊರೆಯ ಬಡ ಹಾಗೂ ಅವಕಾಶವಂಚಿತ ಮಕ್ಕಳಿಗೆ ಕೊಡಬೇಕು, ಎಂಟನೇ ತರಗತಿಯವರೆಗೆ ಫೀಸು ಕೇಳಬಾರದು. ಕರ್ನಾಟಕ ಈ 25ನ್ನು ಪರಿಶಿಷ್ಟ ಜಾತಿಗೆ 7.5, ಪರಿಶಿಷ್ಟ ಪಂಗಡಕ್ಕೆ 1.5, ಉಳಿದವರಿಗೆ 16 ಎಂದು ಹಂಚಿತು. ನಗರದಲ್ಲಿ ನೆರೆಹೊರೆ ಅಂದರೆ ವಾರ್ಡು. ಸರ್ಕಾರ ಶಾಲೆಗೆ ಹಣ ಹಿಂದಿರುಗಿಸುತ್ತದೆ: ಮೊದಲ ವರ್ಷಗಳಲ್ಲಿ ಒಂದನೇ ತರಗತಿಯ ಮಗುವಿಗೆ ವರ್ಷಕ್ಕೆ 11,848 ರೂ., ಪೂರ್ವ ಪ್ರಾಥಮಿಕಕ್ಕೆ 5,924 ರೂ. ಇತ್ತು. ಮುಂದೆ ಅದನ್ನು 16,000 ಮತ್ತು 8,000ಕ್ಕೆ ಏರಿಸಲಾಯಿತು.

ಇದರ ಹಿಂದಿನ ಆಸೆ ಹಳೆಯದು. 1966ರಲ್ಲೇ ಕೊಠಾರಿ ಆಯೋಗ, ಒಂದು ಬಡಾವಣೆಯ ಎಲ್ಲ ಮಕ್ಕಳೂ, ಯಜಮಾನರ ಮಗುವೂ ಮನೆಗೆಲಸದವರ ಮಗುವೂ, ಒಂದೇ ನೆರೆಹೊರೆ ಶಾಲೆಯಲ್ಲಿ ಕಲಿಯಬೇಕು ಎಂದು ಶಿಫಾರಸು ಮಾಡಿತ್ತು. ಅದು ಆಗಲಿಲ್ಲ. 25 ಸೀಟು ಎಂಬುದು ಆ ದೊಡ್ಡ ಆಸೆಯ ಒಂದು ಸಣ್ಣ ತುಂಡು.

ಫೀಸಿನ ಲೆಕ್ಕ

ಫೀಸು ಎಲ್ಲರಿಗೂ ಒಂದೇ ಅಲ್ಲವೇ, ಇದರಲ್ಲಿ ಅಸಮಾನತೆ ಎಲ್ಲಿ ಬಂತು ಅಂತ ಕೆಲವರು ಕೇಳುತ್ತಾರೆ. ಒಂದು ಲೆಕ್ಕ ಹಾಕಿ ನೋಡೋಣ. ಸುಮ್ಮನೆ ಉದಾಹರಣೆಗೆ.

ಪೀಣ್ಯದ ಗಾರ್ಮೆಂಟ್ಸಿನಲ್ಲಿ ದುಡಿಯುವ ತಾಯಿಗೆ ತಿಂಗಳಿಗೆ ಕೈಗೆ 14,000 ರೂ. ಬರುತ್ತದೆ ಅಂತ ಇಟ್ಟುಕೊಳ್ಳಿ. ವರ್ಷಕ್ಕೆ 1,68,000. ಮಗುವಿನ ಶಾಲೆಯ ಫೀಸು 35,000, ಪುಸ್ತಕ ಯೂನಿಫಾರಂ ಶೂ ಸೇರಿ 7,000, ವ್ಯಾನಿಗೆ 8,000. ಒಟ್ಟು 50,000. ಅಂದರೆ ಅವಳ ವರ್ಷದ ದುಡಿಮೆಯಲ್ಲಿ ನೂರಕ್ಕೆ ಮೂವತ್ತು ಪಾಲು ಒಂದು ಮಗುವಿನ ಶಾಲೆಗೇ ಹೋಯಿತು. ಇಬ್ಬರು ಮಕ್ಕಳಿದ್ದರೆ ಅರುವತ್ತು ಪಾಲು. ತಿಂಗಳಿಗೆ ಒಂದು ಲಕ್ಷ ಬರುವ ಮನೆಗೆ ಅದೇ 50,000 ನೂರಕ್ಕೆ ನಾಲ್ಕು ಪಾಲು ಅಷ್ಟೇ. ಒಂದೇ ಫೀಸು, ಆದರೆ ಒಂದೇ ಭಾರವಲ್ಲ.

ಆ ಭಾರ ಎಲ್ಲಿಂದ ಬರುತ್ತದೆ ಎಂಬುದು ನಮ್ಮ ಸಂಘಗಳ ಪುಸ್ತಕ ತೆರೆದರೆ ಗೊತ್ತಾಗುತ್ತದೆ. ಮೇ ಜೂನ್ ತಿಂಗಳಲ್ಲಿ ಸಾಲದ ಅರ್ಜಿಯಲ್ಲಿ "ಮಕ್ಕಳ ಫೀಸು" ಎಂಬ ಕಾರಣವೇ ಹೆಚ್ಚು. ಸಂಘದಲ್ಲಿ ಸಾಲದಿದ್ದರೆ ಚೀಟಿ ಎತ್ತುತ್ತಾರೆ, ಒಡವೆ ಅಡ ಇಡುತ್ತಾರೆ, ಬಡ್ಡಿಯವರ ಹತ್ತಿರ ಹೋಗುತ್ತಾರೆ. ಮನೆಯಲ್ಲಿ ಗಂಡು ಹೆಣ್ಣು ಇಬ್ಬರಿದ್ದು ಒಬ್ಬರಿಗಷ್ಟೇ ಫೀಸು ಕಟ್ಟಲು ಸಾಧ್ಯವಾದರೆ ಹುಡುಗ ಕಾನ್ವೆಂಟಿಗೆ, ಹುಡುಗಿ ಸರ್ಕಾರಿ ಶಾಲೆಗೆ. ಬಡತನ ಮನೆಯೊಳಗೇ ಎರಡು ಪಂಕ್ತಿ ಹಾಕಿಬಿಡುತ್ತದೆ.

ಹಾಗಾದರೆ ಇಷ್ಟು ಕಷ್ಟಪಟ್ಟು ಯಾಕೆ ಕಳಿಸುತ್ತಾರೆ? ಮುಖ್ಯವಾಗಿ ಇಂಗ್ಲಿಷಿಗೆ. ಇಂಗ್ಲಿಷ್ ಬಂದರೆ ಮಗ ಲೇತ್ ಮೆಷಿನ್ ಮುಂದೆ ನಿಲ್ಲದೆ ಆಫೀಸಿನಲ್ಲಿ ಕೂರುತ್ತಾನೆ ಎಂಬ ನಂಬಿಕೆ. ರಿಂಗ್ ರಸ್ತೆಯ ಕಂಠೀರವ ಸ್ಟುಡಿಯೋದಲ್ಲಿ ಡಾ. ರಾಜ್‌ಕುಮಾರ್ ಸಮಾಧಿ ಇದೆ. ಕನ್ನಡಕ್ಕೆ ಮೊದಲ ಸ್ಥಾನ ಕೇಳಿದ ಗೋಕಾಕ್ ಚಳವಳಿಯನ್ನು ಮುನ್ನಡೆಸಿದವರು ಅವರು. 1994ರಲ್ಲಿ ಸರ್ಕಾರ ಒಂದರಿಂದ ನಾಲ್ಕನೇ ತರಗತಿಯವರೆಗೆ ಕನ್ನಡ ಅಥವಾ ಮಾತೃಭಾಷೆಯೇ ಮಾಧ್ಯಮವಾಗಿರಬೇಕೆಂದು ಆದೇಶ ಮಾಡಿತು. ಅದು ಹೈಕೋರ್ಟಿನಲ್ಲಿ 2008ರಲ್ಲಿ ಖಾಸಗಿ ಶಾಲೆಗಳ ಮಟ್ಟಿಗೆ ಬಿದ್ದುಹೋಯಿತು. 2014ರ ಮೇ 6ರಂದು ಸುಪ್ರೀಂ ಕೋರ್ಟಿನ ಸಂವಿಧಾನ ಪೀಠವೂ ಮಾಧ್ಯಮವನ್ನು ಬಲವಂತ ಮಾಡುವಂತಿಲ್ಲ ಎಂದಿತು. ಪರಿಣಾಮವೇನೆಂದರೆ, ದುಡ್ಡಿರುವವರಿಗೆ ಮಾಧ್ಯಮ ಆರಿಸಿಕೊಳ್ಳುವ ಸ್ವಾತಂತ್ರ್ಯ ಸಿಕ್ಕಿತು. ದುಡ್ಡಿಲ್ಲದವರಿಗೆ ಸರ್ಕಾರಿ ಶಾಲೆಯಲ್ಲಿ ಏನಿದೆಯೋ ಅದೇ. ಮಗು ಮನೆಮಾತಿನಲ್ಲಿ ಚೆನ್ನಾಗಿ ಕಲಿಯುತ್ತದೆ ಎಂಬುದು ನಿಜ. ಆದರೆ ಆ ಸತ್ಯವನ್ನು ಬಡವರ ಮಕ್ಕಳಿಗೆ ಮಾತ್ರ ಪಾಠ ಹೇಳಿದರೆ ಅವರು ಅದನ್ನು ನಂಬುವುದು ಹೇಗೆ? 2019-20ರಲ್ಲಿ ಸರ್ಕಾರ 1,000 ಸರ್ಕಾರಿ ಶಾಲೆಗಳಲ್ಲಿ ಇಂಗ್ಲಿಷ್ ಮಾಧ್ಯಮ ವಿಭಾಗ ತೆರೆದದ್ದು ಈ ಒತ್ತಡದಿಂದಲೇ.

ಬಾಗಿಲು ಮುಚ್ಚಿದ್ದು

2018-19ರವರೆಗೆ ರಾಜ್ಯದಲ್ಲಿ ವರ್ಷಕ್ಕೆ ಲಕ್ಷಕ್ಕೂ ಹೆಚ್ಚು ಆರ್.ಟಿ.ಇ. ಸೀಟುಗಳು ಲಭ್ಯವಿದ್ದವು. ನಾಡಕಚೇರಿಯ ಮುಂದೆ ಆದಾಯ ಪ್ರಮಾಣಪತ್ರಕ್ಕೆ ಸಾಲು, ಸೈಬರ್ ಸೆಂಟರಿನಲ್ಲಿ ಅರ್ಜಿಗೆ ಸಾಲು, ಆಮೇಲೆ ಲಾಟರಿ. ಸಿಕ್ಕವರಿಗೆ ಸಂತೋಷ, ಸಿಗದವರಿಗೆ ಕಣ್ಣೀರು.

2018ರ ಕೊನೆಯಲ್ಲಿ ಸರ್ಕಾರ ನಿಯಮ ಬದಲಿಸಲು ತೀರ್ಮಾನಿಸಿತು, 2019ರ ಆರಂಭದಲ್ಲಿ ತಿದ್ದುಪಡಿ ಹೊರಡಿಸಿತು. ಅದರಂತೆ ನೆರೆಹೊರೆಯಲ್ಲಿ ಸರ್ಕಾರಿ ಅಥವಾ ಅನುದಾನಿತ ಶಾಲೆ ಇದ್ದರೆ, ಅಲ್ಲಿನ ಖಾಸಗಿ ಶಾಲೆಗೆ ಸರ್ಕಾರದ ಖರ್ಚಿನಲ್ಲಿ ಮಕ್ಕಳನ್ನು ಕಳಿಸುವುದಿಲ್ಲ. ಬೆಂಗಳೂರಿನಲ್ಲಿ ಸರ್ಕಾರಿ ಶಾಲೆಯೂ ಇಲ್ಲದ, ಅನುದಾನಿತ ಶಾಲೆಯೂ ಇಲ್ಲದ ವಾರ್ಡು ಎಷ್ಟಿದ್ದೀತು? 2019-20ರಿಂದ ಸೀಟುಗಳು ಹಿಂದಿನದರ ಒಂದು ಸಣ್ಣ ಭಾಗಕ್ಕೆ ಇಳಿದುಬಿಟ್ಟವು. ತಂದೆ ತಾಯಂದಿರು ಹೈಕೋರ್ಟಿಗೆ ಹೋದರು. 2019ರ ಮೇ ತಿಂಗಳಲ್ಲಿ ಹೈಕೋರ್ಟು ಸರ್ಕಾರದ ತಿದ್ದುಪಡಿಯನ್ನು ಎತ್ತಿಹಿಡಿಯಿತು.

ಸರ್ಕಾರದ ವಾದದಲ್ಲಿ ಹುರುಳಿಲ್ಲ ಅಂತ ನಾವು ಹೇಳುವುದಿಲ್ಲ. ಖಾಸಗಿ ಶಾಲೆಗಳಿಗೆ ಪ್ರತಿ ವರ್ಷ ಕೋಟಿಗಟ್ಟಲೆ ಹಣ ಹೋಗುತ್ತಿತ್ತು, ಪಕ್ಕದ ಸರ್ಕಾರಿ ಶಾಲೆ ಖಾಲಿಯಾಗುತ್ತಿತ್ತು. ಮಕ್ಕಳ ಸಂಖ್ಯೆಯ ಮೇಲೆ ಶಿಕ್ಷಕರ ಸಂಖ್ಯೆ ನಿಂತಿದೆ. ಇದೇ ಕಾಯ್ದೆಯ ಪಟ್ಟಿಯ ಪ್ರಕಾರ ಒಂದರಿಂದ ಐದನೇ ತರಗತಿಯಲ್ಲಿ ಒಟ್ಟು 60 ಮಕ್ಕಳವರೆಗೆ ಇಬ್ಬರು ಶಿಕ್ಷಕರು, 61ರಿಂದ 90ರವರೆಗೆ ಮೂವರು. ಹತ್ತು ಮಕ್ಕಳು ಹೋದರೆ ಒಬ್ಬ ಟೀಚರ್ ಹೋಗಬಹುದು. ಐದು ತರಗತಿಗೆ ಇಬ್ಬರೇ ಟೀಚರ್ ಅಂದಾಗ ಇನ್ನೂ ಹತ್ತು ಮಕ್ಕಳು ಹೋಗುತ್ತಾರೆ. ಹೀಗೆ ಶಾಲೆ ಒಳಗಿಂದಲೇ ಸೊರಗುತ್ತದೆ. ಅಷ್ಟೇ ಅಲ್ಲ, ಅರ್ಜಿ ಹಾಕಲು ಓಡಾಡುವ, ಪ್ರಶ್ನೆ ಕೇಳುವ ಚುರುಕಿನ ತಂದೆ ತಾಯಂದಿರೇ ಮೊದಲು ಹೊರಟುಹೋದರು. ಉಳಿದ ಮಕ್ಕಳ ಪರವಾಗಿ ಮಾತಾಡುವವರು ಕಡಿಮೆಯಾದರು.

ಆದರೆ ಇನ್ನೊಂದು ಕಡೆಯಿಂದಲೂ ನೋಡಬೇಕು. ಈ ತಿದ್ದುಪಡಿ ಬಾಗಿಲು ಮುಚ್ಚಿದ್ದು ಬಡವರಿಗೆ ಮಾತ್ರ. ಫೀಸು ಕೊಡುವವರಿಗೆ ಅದೇ ಬಾಗಿಲು ತೆರೆದೇ ಇದೆ. ಸಾಲ ಮಾಡಿಯಾದರೂ ಫೀಸು ಕಟ್ಟಬಲ್ಲವರು ಕಡಿಮೆ ಫೀಸಿನ ಚಿಕ್ಕ ಖಾಸಗಿ ಶಾಲೆಗಳಿಗೆ ಹೋದರು. ಸಾಲವೂ ಹುಟ್ಟದವರು ಉಳಿದರು. ಸರ್ಕಾರಿ ಶಾಲೆ ಉಳಿಸುವ ಹೊಣೆ ಎಲ್ಲರದೂ ಆಗಬೇಕಿತ್ತು. ಅದನ್ನು ಅತಿ ಬಡವರ ಹೆಗಲಿಗೆ ಮಾತ್ರ ಹೊರಿಸಿದಂತಾಯಿತು. ಸೀಟು ನಿಲ್ಲಿಸಿದ ಮಾತ್ರಕ್ಕೆ ಶಾಲೆ ತಾನಾಗಿ ಒಳ್ಳೆಯದಾಗುವುದಿಲ್ಲ. ಉಳಿದ ಹಣ ಅದೇ ಶಾಲೆಯ ಕೊಠಡಿಗೆ, ಟೀಚರಿಗೆ, ಶೌಚಾಲಯಕ್ಕೆ ಬಂತೇ ಎಂದು ಕೇಳುವ ಹಕ್ಕು ನಮಗಿದೆ.

ಮಹಾರಾಷ್ಟ್ರ ಸರ್ಕಾರವೂ 2024ರ ಫೆಬ್ರವರಿಯಲ್ಲಿ ಇಂಥದ್ದೇ ನಿಯಮ ತಂದಿತ್ತು. ಬಾಂಬೆ ಹೈಕೋರ್ಟು ಅದನ್ನು ಜುಲೈನಲ್ಲಿ ರದ್ದುಮಾಡಿತು. ಆಗಸ್ಟಿನಲ್ಲಿ ಸುಪ್ರೀಂ ಕೋರ್ಟು ಆ ತೀರ್ಪಿನಲ್ಲಿ ಕೈಹಾಕಲು ಒಪ್ಪಲಿಲ್ಲ. ಒಂದೇ ಕೇಂದ್ರ ಕಾಯ್ದೆ, ಎರಡು ರಾಜ್ಯ, ಎರಡು ರೀತಿ. ಗಡಿಯ ಆ ಕಡೆ ಹುಟ್ಟಿದ ಮಗುವಿಗೆ ಇರುವ ಅವಕಾಶ ಈ ಕಡೆಯ ಮಗುವಿಗೆ ಇಲ್ಲ.

ನಮ್ಮ ಶಾಲೆಗಳ ಮಾತು

ಇಲ್ಲಿ ನಮ್ಮ ವಿಷಯವನ್ನೂ ಮುಚ್ಚುಮರೆಯಿಲ್ಲದೆ ಹೇಳಬೇಕು. 2012ರ ಏಪ್ರಿಲ್ 12ರಂದು ಸುಪ್ರೀಂ ಕೋರ್ಟು 25 ಸೀಟಿನ ನಿಯಮವನ್ನು ಎತ್ತಿಹಿಡಿಯಿತು, ಆದರೆ ಅನುದಾನರಹಿತ ಅಲ್ಪಸಂಖ್ಯಾತ ಶಾಲೆಗಳಿಗೆ ವಿನಾಯಿತಿ ಕೊಟ್ಟಿತು. 2014ರ ಮೇ 6ರಂದು, ಮಾಧ್ಯಮದ ತೀರ್ಪು ಬಂದ ದಿನವೇ, ಪ್ರಮತಿ ಪ್ರಕರಣದಲ್ಲಿ ಅನುದಾನಿತ ಅಲ್ಪಸಂಖ್ಯಾತ ಶಾಲೆಗಳಿಗೂ ಈ ಕಾಯ್ದೆ ಅನ್ವಯಿಸುವುದಿಲ್ಲ ಎಂದಿತು. ಕ್ರೈಸ್ತ ಶಾಲೆಗಳೂ ಇದರಲ್ಲಿ ಬಂದವು. 2025ರ ಸೆಪ್ಟೆಂಬರ್ 1ರಂದು ಸುಪ್ರೀಂ ಕೋರ್ಟಿನ ಇಬ್ಬರು ನ್ಯಾಯಮೂರ್ತಿಗಳ ಪೀಠ ಪ್ರಮತಿ ತೀರ್ಪು ಸರಿಯೇ ಎಂದು ಸಂದೇಹಪಟ್ಟು, ದೊಡ್ಡ ಪೀಠದ ಮುಂದೆ ಇಡುವ ಬಗ್ಗೆ ಮುಖ್ಯ ನ್ಯಾಯಮೂರ್ತಿಗಳಿಗೆ ಕಳಿಸಿತು.

ಸಂವಿಧಾನದ 30ನೇ ವಿಧಿ ಅಲ್ಪಸಂಖ್ಯಾತರಿಗೆ ಕೊಟ್ಟ ರಕ್ಷಣೆ ಬೆಲೆಬಾಳುವಂಥದ್ದು, ಅದು ಉಳಿಯಬೇಕು. ಆದರೆ ಕಾನೂನಿನಲ್ಲಿ ವಿನಾಯಿತಿ ಇದೆ ಅಂದ ಮಾತ್ರಕ್ಕೆ ಕರ್ತವ್ಯದಲ್ಲಿ ವಿನಾಯಿತಿ ಸಿಗುವುದಿಲ್ಲ. ನಮ್ಮ ಹಿಂದಿನ ಧರ್ಮಭಗಿನಿಯರು, ಗುರುಗಳು ಶಾಲೆ ತೆರೆದದ್ದು ಓದಲು ಬೇರೆ ದಾರಿ ಇಲ್ಲದವರಿಗಾಗಿ. ಇಂದು ನಮ್ಮ ಒಂದೊಂದು ಶಾಲೆಯ ಒಂದನೇ ತರಗತಿಯಲ್ಲಿ ಗಾರ್ಮೆಂಟ್ಸ್, ಮನೆಗೆಲಸ, ಪೌರಕಾರ್ಮಿಕ, ಗಾರೆ ಕೆಲಸದವರ ಮನೆಯ ಮಕ್ಕಳು ಎಷ್ಟಿದ್ದಾರೆ? ಈ ಲೆಕ್ಕವನ್ನು ಪ್ರತಿ ಧರ್ಮಕೇಂದ್ರದ ಶಾಲೆ ಪ್ರತಿ ಜೂನ್‌ನಲ್ಲಿ ತೆಗೆದು ಧರ್ಮಕೇಂದ್ರದ ಪಾಲನಾ ಸಮಿತಿಯ ಮುಂದಿಡಲಿ. ಯಾವ ಕೋರ್ಟೂ ಕೇಳುವ ಮೊದಲು ನಾವೇ ಕೇಳಿಕೊಂಡರೆ ಚೆಂದ. ಒಳಗೆ ಸೇರಿಸಿಕೊಂಡ ಮಗುವಿನ ಮಾನವೂ ಅಷ್ಟೇ ಮುಖ್ಯ. ರಿಯಾಯಿತಿ ಪಡೆದ ಮಗು ಯಾರೆಂದು ತರಗತಿಗೆ ಗೊತ್ತಾಗಬಾರದು. ಫೀಸು ಬಾಕಿಯ ಪಟ್ಟಿಯನ್ನು ಮಕ್ಕಳ ಮುಂದೆ ಓದಬಾರದು.

ತಾಯಂದಿರು ತಿಳಿದಿರಬೇಕಾದ ಸಂಗತಿಗಳು

ಒಂಬತ್ತನೇ ತರಗತಿ: ಆರ್.ಟಿ.ಇ. ಉಚಿತ ಎಂಟನೇ ತರಗತಿಗೆ ಮುಗಿಯುತ್ತದೆ. ದೊಡ್ಡ ಸಂಖ್ಯೆಯಲ್ಲಿ ಸೀಟು ಕೊಟ್ಟ ಕೊನೆಯ ವರ್ಷವಾದ 2018-19ರಲ್ಲಿ ಒಂದನೇ ತರಗತಿಗೆ ಸೇರಿದ ಮಗುವಿನ ಎಂಟನೇ ತರಗತಿ 2025-26ಕ್ಕೆ ಬರುತ್ತದೆ. ಅದೇ ವರ್ಷ ಎಲ್.ಕೆ.ಜಿ.ಗೆ ಸೇರಿದ ಮಗುವಿಗೆ ಇನ್ನೆರಡು ವರ್ಷ ಸಿಗುತ್ತದೆ. ಆಮೇಲೆ ಪೂರ್ತಿ ಫೀಸು. ಆ ಮಟ್ಟಿಗೆ ಹಣ ಹೊಂದಿಸಲಾಗದಿದ್ದರೆ ಎಂಟನೇ ತರಗತಿಯಲ್ಲಿರುವಾಗಲೇ ಸರ್ಕಾರಿ ಅಥವಾ ಅನುದಾನಿತ ಹೈಸ್ಕೂಲು ನೋಡಿಕೊಳ್ಳಿ. ಹೆಣ್ಣುಮಕ್ಕಳನ್ನು ಈ ಹಂತದಲ್ಲಿ ಬಿಡಿಸಿ ಗಾರ್ಮೆಂಟ್ಸಿಗೆ ಕಳಿಸಬೇಡಿ.

ಟಿ.ಸಿ.: ಬಾಕಿ ಇದೆ ಅಂತ ಟಿ.ಸಿ. ಕೊಡದೆ ಸತಾಯಿಸಿದರೆ ಹೆದರಬೇಡಿ. ಕಾಯ್ದೆಯ 5ನೇ ಸೆಕ್ಷನ್ ಪ್ರಕಾರ, ಎಂಟನೇ ತರಗತಿಯವರೆಗಿನ ಮಗು ಸರ್ಕಾರಿ ಅಥವಾ ಅನುದಾನಿತ ಶಾಲೆಗೆ ಹೋಗಬಯಸಿದರೆ, ಟಿ.ಸಿ. ತಡವಾಯಿತು ಎಂಬ ಕಾರಣಕ್ಕೆ ಪ್ರವೇಶ ನಿರಾಕರಿಸುವಂತಿಲ್ಲ. ಜನನ ಪ್ರಮಾಣಪತ್ರ ಇಲ್ಲವೆಂದು ಹಿಂದೆ ಕಳಿಸುವಂತೆಯೂ ಇಲ್ಲ. ತೊಂದರೆಯಾದರೆ ಕ್ಷೇತ್ರ ಶಿಕ್ಷಣಾಧಿಕಾರಿಗಳಿಗೆ, ಅಂದರೆ ಬಿ.ಇ.ಓ. ಕಚೇರಿಗೆ, ಲಿಖಿತ ದೂರು ಕೊಟ್ಟು ಸ್ವೀಕೃತಿ ಪಡೆಯಿರಿ.

ಡೊನೇಷನ್ ಮತ್ತು ಸಂದರ್ಶನ: ಪ್ರವೇಶಕ್ಕೆ ಡೊನೇಷನ್ ಕೇಳುವುದು, ಮಗುವಿಗೋ ತಂದೆ ತಾಯಿಗೋ ಪರೀಕ್ಷೆ ಸಂದರ್ಶನ ಮಾಡುವುದು 13ನೇ ಸೆಕ್ಷನ್ ಪ್ರಕಾರ ನಿಷಿದ್ಧ. ಡೊನೇಷನ್ ಪಡೆದರೆ ಅದರ ಹತ್ತು ಪಟ್ಟುವರೆಗೆ ದಂಡವಿದೆ. ರಸೀದಿ ಕೇಳಿ ಪಡೆಯುವ ಅಭ್ಯಾಸ ಮಾಡಿಕೊಳ್ಳಿ.

ವಿದ್ಯಾರ್ಥಿವೇತನ: ಸರ್ಕಾರಿ ಮತ್ತು ಅನುದಾನಿತ ಶಾಲೆಯ ಎಂಟನೇ ತರಗತಿ ಮಕ್ಕಳಿಗೆ ಎನ್.ಎಂ.ಎಂ.ಎಸ್. ಪರೀಕ್ಷೆ ಇದೆ. ಕುಟುಂಬದ ವಾರ್ಷಿಕ ಆದಾಯ ಮೂರೂವರೆ ಲಕ್ಷದೊಳಗಿರಬೇಕು. ಆಯ್ಕೆಯಾದರೆ ಒಂಬತ್ತರಿಂದ ಹನ್ನೆರಡನೇ ತರಗತಿಯವರೆಗೆ ವರ್ಷಕ್ಕೆ 12,000 ರೂ. ಬರುತ್ತದೆ. ಅನುದಾನರಹಿತ ಖಾಸಗಿ ಶಾಲೆಯ ಮಕ್ಕಳಿಗೆ ಇದು ಸಿಗುವುದಿಲ್ಲ. ಶಾಲೆ ಆರಿಸುವಾಗ ಇದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ. ಮೊರಾರ್ಜಿ ದೇಸಾಯಿ ವಸತಿ ಶಾಲೆಗಳಿಗೆ ಆರನೇ ತರಗತಿಗೆ ಪ್ರವೇಶವಿರುತ್ತದೆ, ಊಟ ವಸತಿ ಉಚಿತ. ಕಾರ್ಖಾನೆ ಕೆಲಸದವರು ಕಾರ್ಮಿಕ ಕಲ್ಯಾಣ ಮಂಡಳಿಯ ಸಹಾಯಧನವನ್ನೂ, ಗಾರೆ ಕೆಲಸದವರು ಕಟ್ಟಡ ಕಾರ್ಮಿಕರ ಮಂಡಳಿಯ ಕಾರ್ಡನ್ನೂ ವಿಚಾರಿಸಿ.

ಶಾಲೆ ನಮ್ಮದಾಗಬೇಕಾದರೆ

ಸರ್ಕಾರಿ ಶಾಲೆಗೆ ಕಳಿಸುವವರು "ಗತಿ ಇಲ್ಲದೆ ಕಳಿಸಿದೆವು" ಅಂತ ತಲೆ ತಗ್ಗಿಸಬೇಕಾಗಿಲ್ಲ. ಅದು ನಮ್ಮ ತೆರಿಗೆ ಹಣದ ಶಾಲೆ. ಬೆಂಕಿಪೆಟ್ಟಿಗೆ ಕೊಂಡರೂ ತೆರಿಗೆ ಕಟ್ಟುತ್ತೇವೆ. ಕಾಯ್ದೆಯ 21ನೇ ಸೆಕ್ಷನ್ ಪ್ರಕಾರ ಶಾಲಾ ಸಮಿತಿಯಲ್ಲಿ, ನಮ್ಮಲ್ಲಿ ಎಸ್.ಡಿ.ಎಂ.ಸಿ. ಎನ್ನುವುದರಲ್ಲಿ, ನಾಲ್ಕರಲ್ಲಿ ಮೂರು ಪಾಲು ಸದಸ್ಯರು ಮಕ್ಕಳ ತಂದೆ ತಾಯಿ ಅಥವಾ ಪೋಷಕರೇ ಆಗಿರಬೇಕು, ಅರ್ಧದಷ್ಟು ಮಹಿಳೆಯರಿರಬೇಕು. ಸಂಘದಲ್ಲಿ ಲೆಕ್ಕ ಬರೆದು, ಬ್ಯಾಂಕಿನಲ್ಲಿ ಮಾತಾಡಿ ಪಳಗಿದ ನಮ್ಮ ಹೆಣ್ಣುಮಕ್ಕಳು ಅಲ್ಲಿ ಕೂತರೆ ಶಾಲೆಯ ಮುಖವೇ ಬದಲಾಗುತ್ತದೆ. ಎಷ್ಟು ಟೀಚರ್ ಮಂಜೂರಾಗಿದ್ದಾರೆ, ಎಷ್ಟು ಜನ ಇದ್ದಾರೆ? ಹುಡುಗಿಯರ ಶೌಚಾಲಯಕ್ಕೆ ನೀರು ಬರುತ್ತದೆಯೇ? ಬಿಸಿಯೂಟ ಸರಿಯಾಗಿದೆಯೇ? ನಾಲ್ಕನೇ ತರಗತಿಯ ಮಗು ಒಂದು ಪುಟ ತಡವರಿಸದೆ ಓದುತ್ತದೆಯೇ? ಈ ನಾಲ್ಕು ಪ್ರಶ್ನೆ ಪ್ರತಿ ತಿಂಗಳ ಸಭೆಯಲ್ಲಿ ಕೇಳಿದರೆ ಸಾಕು.

ರಾಜ್ಯ ಶಿಕ್ಷಣ ನೀತಿ ಆಯೋಗ, ಪ್ರೊ. ಸುಖದೇವ್ ಥೋರಟ್ ಅವರ ಅಧ್ಯಕ್ಷತೆಯಲ್ಲಿ, 2025ರ ಆಗಸ್ಟಿನಲ್ಲಿ ತನ್ನ ವರದಿಯನ್ನು ಸರ್ಕಾರಕ್ಕೆ ಕೊಟ್ಟಿದೆ. ಐದನೇ ತರಗತಿಯವರೆಗೆ ಮಾತೃಭಾಷೆ ಅಥವಾ ಕನ್ನಡದಲ್ಲಿ ಬೋಧನೆ ಎಂಬುದು ಅದರ ಶಿಫಾರಸುಗಳಲ್ಲಿ ಒಂದು. ಇಂಥ ವರದಿಗಳು ದೊಡ್ಡವರ ಮಾತು ಅಂತ ಬಿಡಬೇಡಿ. ಚುನಾವಣೆಗೆ ಓಟು ಕೇಳಿಕೊಂಡು ಬಂದವರ ಹತ್ತಿರ ರಸ್ತೆ, ಮೋರಿ, ನೀರಿನ ಜೊತೆಗೆ "ನಮ್ಮ ವಾರ್ಡಿನ ಶಾಲೆಗೆ ಟೀಚರ್ ಯಾವಾಗ?" ಅಂತಲೂ ಕೇಳಿ.

ಆರ್.ಟಿ.ಇ. ಸೀಟು ಮತ್ತೆ ಬರಬೇಕೋ, ಸರ್ಕಾರಿ ಶಾಲೆ ಗಟ್ಟಿಯಾಗಬೇಕೋ ಎಂದು ಕೇಳಿದರೆ ನಮ್ಮ ಉತ್ತರ: ಎರಡನೆಯದು ಆಗುವವರೆಗೆ ಮೊದಲನೆಯದನ್ನು ಕಿತ್ತುಕೊಳ್ಳಬಾರದಿತ್ತು. ಆರು ವರ್ಷದ ಮಗುವಿಗೆ ನೀತಿ ಸರಿಯಾಗುವ ತನಕ ಕಾಯಲು ಬರುವುದಿಲ್ಲ. ಅದಕ್ಕೆ ಒಂದನೇ ತರಗತಿ ಒಂದೇ ಸಲ ಬರುತ್ತದೆ.

ಈ ವರ್ಷ ನಿಮ್ಮ ಸಂಘದ ಪ್ರತಿ ಸದಸ್ಯೆಯ ಮನೆಯಲ್ಲಿ ಶಾಲೆ ಬಿಟ್ಟ ಮಗು, ಎಂಟನೇ ತರಗತಿ ಮುಗಿಸುವ ಮಗು, ಟಿ.ಸಿ. ಸಿಗದ ಮಗು ಇದ್ದರೆ ಪಟ್ಟಿ ಮಾಡಿ ಮುಂದಿನ ಸಭೆಗೆ ತನ್ನಿ. ಬಿ.ಇ.ಓ. ಕಚೇರಿಗೆ ಒಬ್ಬೊಬ್ಬರೇ ಹೋಗುವುದು ಬೇಡ, ಪಟ್ಟಿ ಹಿಡಿದು ಒಟ್ಟಿಗೇ ಹೋಗೋಣ.